ದೂರದಲ್ಲಿರುವ ಗುಂಪು ಒಟ್ಟಿಗೆ ಯೋಚಿಸಲು ಎಂಥ ತಂತ್ರಾಂಶ ಬೇಕು?

ಎಂಟು ಜನರ ಒಂದು ತಂಡ. ಎಲ್ಲರೂ ಬೇರೆ ಬೇರೆ ಊರುಗಳಲ್ಲಿದ್ದಾರೆ. ಪ್ರವಾಹ ಬಂದ ಪ್ರದೇಶದಿಂದ ಒಂದೇ ದಿನದಲ್ಲಿ ಮುನ್ನೂರು ಸುದ್ದಿಗಳು ಬಂದಿವೆ: ಫೋಟೊ, ಧ್ವನಿಸಂದೇಶ, ಅಧಿಕೃತ ಪ್ರಕಟಣೆ, ಯಾರೋ ಯಾರಿಗೋ ಕಳಿಸಿದ್ದರ ಸ್ಕ್ರೀನ್‌ಶಾಟ್. ನಾಳೆ ಬೆಳಿಗ್ಗೆ ಪರಿಹಾರ ಸಾಮಗ್ರಿಯ ಲಾರಿಗಳು ಯಾವ ದಾರಿ ಹಿಡಿಯಬೇಕೆಂದು ತಂಡ ತೀರ್ಮಾನಿಸಬೇಕು. ಎಲ್ಲರೂ ಒಂದೇ ಚಾಟ್ ಗುಂಪಿನಲ್ಲಿದ್ದಾರೆ, ನಡುನಡುವೆ ವಿಡಿಯೋ ಕರೆಯೂ ನಡೆಯುತ್ತಿದೆ. ರಾತ್ರಿ ಹತ್ತರ ಹೊತ್ತಿಗೆ ಗುಂಪಿನಲ್ಲಿ ಆರುನೂರು ಸಂದೇಶಗಳಾಗಿವೆ. ಆಗ ಬಂದು ಸೇರಿದ ಒಂಬತ್ತನೆಯವರು ‘ಅಂತೂ ಆ ಸೇತುವೆ ಇದೆಯೋ, ಕೊಚ್ಚಿ ಹೋಯಿತೋ?’ ಎಂದು ಕೇಳಿದರೆ ಮೂವರು ಮೂರು ಉತ್ತರ ಕೊಡುತ್ತಾರೆ. ಮೂವರೂ ‘ಗುಂಪಿನಲ್ಲೇ ಹಾಕಿದ್ದರಲ್ಲ’ ಎನ್ನುತ್ತಾರೆ.

ಇಲ್ಲಿ ಮಾಹಿತಿಗೆ ಬರವಿಲ್ಲ, ಸಂಪರ್ಕಕ್ಕೂ ಕೊರತೆಯಿಲ್ಲ. ಬಂದ ಸುದ್ದಿಗಳನ್ನು ಜೋಡಿಸಿ, ಒಂದಕ್ಕೊಂದು ಹೋಲಿಸಿ, ಇಷ್ಟು ಖಚಿತ, ಇಷ್ಟು ಅನುಮಾನ ಎಂದು ಎಲ್ಲರೂ ನೋಡಬಲ್ಲ ಜಾಗ ಮಾತ್ರ ಇಲ್ಲ. ರೋಗದ ಮೂಲ ಹುಡುಕುವ ವೈದ್ಯರು, ದಾಖಲೆಗಳ ರಾಶಿ ಓದುವ ಪತ್ರಕರ್ತರು, ಸರ್ವರ್ ಏಕೆ ನಿಂತಿತೆಂದು ತಡಕಾಡುವ ಎಂಜಿನಿಯರ್‌ಗಳು, ಹೀಗೆ ಚದುರಿ ಕೂತು ಕೆಲಸ ಮಾಡುವ ಎಲ್ಲ ತಂಡಗಳದ್ದೂ ಇದೇ ತಾಪತ್ರಯ. ಅಂಥ ಜಾಗವನ್ನು ತಂತ್ರಾಂಶವಾಗಿ ಕಟ್ಟುವುದು ಹೇಗೆ, ಅದು ಎಲ್ಲಿ ಕೈಕೊಡುತ್ತದೆ, ಏಕೆ ಎಂಬುದನ್ನು ಈ ಸೇತುವೆಯ ಉದಾಹರಣೆ ಹಿಡಿದುಕೊಂಡೇ ನೋಡೋಣ.

## ಅರ್ಥ ಮಾಡಿಕೊಳ್ಳುವುದು ಒಂದೇ ಕೆಲಸವಲ್ಲ

ಅಮೆರಿಕದ ಸಂಶೋಧಕರಾದ ಪೀಟರ್ ಪಿರೊಲ್ಲಿ ಮತ್ತು ಸ್ಟುವರ್ಟ್ ಕಾರ್ಡ್ ಅವರು ಗುಪ್ತಚರ ವಿಶ್ಲೇಷಕರು ಹೇಗೆ ಕೆಲಸ ಮಾಡುತ್ತಾರೆಂದು ಅಧ್ಯಯನ ಮಾಡಿ 2005ರಲ್ಲಿ ಒಂದು ನಕ್ಷೆ ಮುಂದಿಟ್ಟರು. ಅದರಲ್ಲಿ ಎರಡು ಸುತ್ತುಗಳಿವೆ. ಮೊದಲನೆಯದು ಹುಡುಕುವ, ಸೋಸುವ ಸುತ್ತು: ಮೂಲಗಳನ್ನು ನೋಡುವುದು, ಬೇಕಾಗಬಹುದು ಅನ್ನಿಸಿದ್ದನ್ನು ಒಂದು ಕಡೆ ತೆಗೆದಿಡುವುದು, ಅದರಲ್ಲಿ ಕೆಲಸಕ್ಕೆ ಬರುವ ಸಾಲನ್ನಷ್ಟೇ ಕಿತ್ತು ಪುರಾವೆಯ ಕಡತಕ್ಕೆ ಸೇರಿಸುವುದು. ಎರಡನೆಯದು ಅರ್ಥ ಕಟ್ಟುವ ಸುತ್ತು: ಪುರಾವೆಗಳನ್ನು ನಕ್ಷೆಯಲ್ಲೋ ಕಾಲಾನುಕ್ರಮದಲ್ಲೋ ಕೋಷ್ಟಕದಲ್ಲೋ ಕೂರಿಸುವುದು, ಊಹೆ ಮಾಡುವುದು, ಆ ಊಹೆಯನ್ನು ಇತರರ ಮುಂದಿಡುವುದು. ಜನ ಈ ಮೆಟ್ಟಿಲುಗಳನ್ನು ಒಂದೇ ಸಲ ಹತ್ತಿ ಮುಗಿಸುವುದಿಲ್ಲ. ಊಹೆ ಕುಸಿದರೆ ಮತ್ತೆ ಮೂಲಕ್ಕೆ ಇಳಿಯುತ್ತಾರೆ.

ಇದಕ್ಕೂ ಮೊದಲು, 1993ರಲ್ಲಿ, ಡ್ಯಾನಿಯಲ್ ರಸೆಲ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಗುರುತಿಸಿದ್ದರು. ನಾವು ಒಂದು ಚೌಕಟ್ಟು ಮಾಡಿಕೊಂಡು ಮಾಹಿತಿಯನ್ನು ಅದರೊಳಗೆ ತುಂಬುತ್ತೇವೆ. ಕೆಲವು ತುಣುಕುಗಳು ಎಲ್ಲಿಯೂ ಕೂರದೆ ಹೊರಗುಳಿಯುತ್ತವೆ. ಚೌಕಟ್ಟನ್ನು ಬದಲಿಸಬೇಕೆಂಬ ಸೂಚನೆ ಬರುವುದು ಈ ಹೊರಗುಳಿದವುಗಳಿಂದಲೇ. ಸೇತುವೆಗಳನ್ನು ‘ತೆರೆದಿದೆ’, ‘ಮುಚ್ಚಿದೆ’ ಎಂಬ ಎರಡೇ ಅಂಕಣಗಳಲ್ಲಿ ಬರೆಯುತ್ತಿದ್ದೀರಿ ಎನ್ನಿ. ‘ಬೈಕ್ ಹೋಗುತ್ತಿದೆ, ಲಾರಿ ಬಿಡುತ್ತಿಲ್ಲ’ ಎಂಬ ಸುದ್ದಿ ಬಂದರೆ ಅದನ್ನು ಎಲ್ಲಿ ಬರೆಯುತ್ತೀರಿ? ಹೆಚ್ಚಿನ ತಂತ್ರಾಂಶಗಳು ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದು ಹಠ ಹಿಡಿಯುತ್ತವೆ. ಬಳಸುವವರು ಬೇಸತ್ತು ಯಾವುದನ್ನೋ ಒತ್ತುತ್ತಾರೆ. ಅಲ್ಲಿಗೆ ಅತ್ಯಂತ ಬೆಲೆಬಾಳುವ ಸುಳಿವು ಕಳೆದುಹೋಯಿತು. ಆದ್ದರಿಂದ ‘ಎಲ್ಲೂ ಸೇರದವು’ ಎಂಬ ತಟ್ಟೆ ಪರದೆಯ ಮೇಲೆ ಸದಾ ಇರಬೇಕು, ಅದರಲ್ಲಿ ಎಷ್ಟು ಮಾಹಿತಿಯ ಚೀಟಿಗಳಿವೆ ಎಂಬ ಸಂಖ್ಯೆಯೂ ಕಾಣಬೇಕು. ಅದು ಬೆಳೆಯುತ್ತಲೇ ಹೋದರೆ ಚೌಕಟ್ಟು ತಪ್ಪಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು ಸುತ್ತುಗಳ ಆ ನಕ್ಷೆಯ ಪಕ್ಕದಲ್ಲಿ ಚಾಟನ್ನು ಇಟ್ಟು ನೋಡಿದರೆ ಅದರ ಮಿತಿ ಗೊತ್ತಾಗುತ್ತದೆ. ಕೊನೆಯ ಮೆಟ್ಟಿಲಿಗೆ, ಅಂದರೆ ಇತರರಿಗೆ ಹೇಳುವುದಕ್ಕೆ, ಚಾಟ್ ಒಳ್ಳೆಯದು. ನಡುವಿನ ಯಾವ ಕೆಲಸಕ್ಕೂ ಅದರಲ್ಲಿ ಜಾಗವಿಲ್ಲ.

## ದೂರದಿಂದ ಏನು ತಪ್ಪಿಹೋಗುತ್ತದೆ

ಒಂದೇ ಕೋಣೆಯಲ್ಲಿ ಕೂತವರು ನಕ್ಷೆಯ ಮೇಲೆ ಬೆರಳಿಟ್ಟು ‘ಇದು’ ಎಂದರೆ ಸಾಕು. ದೂರವಿದ್ದಾಗ ‘ಇದು’ ಎಂಬುದಕ್ಕೆ ಅರ್ಥವೇ ಇರುವುದಿಲ್ಲ. ಆದ್ದರಿಂದ ಪರದೆಯಲ್ಲಿರುವ ಪ್ರತಿಯೊಂದು ವಸ್ತುವಿಗೂ, ಚೀಟಿಗೂ, ಕೋಷ್ಟಕದ ಮನೆಗೂ, ಫೋಟೊದ ಒಂದು ಮೂಲೆಗೂ, ತನ್ನದೇ ವಿಳಾಸವಿರಬೇಕು. ಒತ್ತಿದರೆ ಎದುರಿಗಿರುವವರಿಗೂ ಅದೇ ಜಾಗ ತೆರೆಯಬೇಕು.

ಎರಡನೆಯ ತೊಡಕು ಕಣ್ಣಿಗೆ ಬೀಳುವುದಿಲ್ಲ, ಆದರೆ ಹೆಚ್ಚು ಹಾನಿ ಅದರದ್ದೇ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು: ಗುಂಪಿನ ಸದಸ್ಯರಿಗೆ ಅಭ್ಯರ್ಥಿಗಳ ಬಗ್ಗೆ ಮಾಹಿತಿ ಹಂಚಿದರು. ಕೆಲವು ಅಂಶಗಳು ಎಲ್ಲರ ಕೈಯಲ್ಲೂ ಇದ್ದವು, ಕೆಲವು ಒಬ್ಬೊಬ್ಬರ ಬಳಿ ಮಾತ್ರ. ಎಲ್ಲವನ್ನೂ ಕೂಡಿಸಿ ನೋಡಿದರಷ್ಟೇ ಉತ್ತಮ ಅಭ್ಯರ್ಥಿ ಯಾರೆಂದು ತಿಳಿಯುವಂತಿತ್ತು. ಗುಂಪುಗಳು ಮಾತನಾಡಿದ್ದು ಬಹುಪಾಲು ಎಲ್ಲರಿಗೂ ಗೊತ್ತಿದ್ದ ಅಂಶಗಳ ಬಗ್ಗೆಯೇ. ಒಬ್ಬರಿಗೇ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ, ಬಂದರೂ ಯಾರೂ ಅದನ್ನು ಮುಂದಕ್ಕೆ ಒಯ್ಯಲಿಲ್ಲ.

ಕಾರಣ ಸರಳ. ಐದು ಜನರಿಗೆ ಗೊತ್ತಿರುವ ಸಂಗತಿಯನ್ನು ಹೇಳಲು ಐದು ಬಾಯಿಗಳಿವೆ, ಒಬ್ಬರಿಗೇ ಗೊತ್ತಿರುವುದಕ್ಕೆ ಒಂದೇ. ಅಲ್ಲದೆ ತಮಗೂ ಗೊತ್ತಿರುವುದನ್ನು ಕೇಳಿದಾಗ ಜನ ತಲೆಯಾಡಿಸುತ್ತಾರೆ, ಹೊಸದನ್ನು ಕೇಳಿದಾಗ ಸುಮ್ಮನಿರುತ್ತಾರೆ. ವಿಡಿಯೋ ಕರೆಯಲ್ಲಿ ಆ ಮೌನ ಇನ್ನೂ ಭಾರ. ನಮ್ಮ ತಂಡದಲ್ಲಿ ಅಧಿಕೃತ ಪ್ರಕಟಣೆಯನ್ನು ಎಂಟೂ ಜನ ಓದಿದ್ದಾರೆ. ಸೇತುವೆಯ ಕಂಬ ಬಿರುಕು ಬಿಟ್ಟ ಫೋಟೊ ನೋಡಿದವರು ಒಬ್ಬರೇ.

## ಅಡಿಪಾಯ: ನಾಲ್ಕು ಬಗೆಯ ಚೀಟಿ

ತಂತ್ರಾಂಶದ ಒಳಗೆ ಮಾಹಿತಿಯನ್ನು ಹೇಗೆ ಇಡುತ್ತೇವೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಾಲ್ಕು ಬಗೆ ಸಾಕು.

ಮೊದಲನೆಯದು ಮೂಲ: ಬಂದ ಫೋಟೊ, ಕಡತ, ಧ್ವನಿಮುದ್ರಿಕೆ ಇದ್ದ ಹಾಗೆಯೇ. ಇದನ್ನು ಯಾರೂ ತಿದ್ದುವಂತಿಲ್ಲ. ಎರಡನೆಯದು ತುಣುಕು: ಮೂಲದಿಂದ ಕಿತ್ತ ಒಂದು ಸಾಲು ಅಥವಾ ಒಂದು ಗಮನಿಕೆ. ಮೂರನೆಯದು ಹೇಳಿಕೆ: ‘ಹಳೆ ಸೇತುವೆಯ ಮೇಲೆ ಲಾರಿ ಹೋಗಲಾರದು’ ಎಂಬಂಥ, ನಿಜವೋ ಸುಳ್ಳೋ ಆಗಬಹುದಾದ ವಾಕ್ಯ. ನಾಲ್ಕನೆಯದು ಪ್ರಶ್ನೆ. ಇವುಗಳ ನಡುವೆ ಮೂರು ಬಗೆಯ ಕೊಂಡಿ: ಬೆಂಬಲಿಸುತ್ತದೆ, ವಿರೋಧಿಸುತ್ತದೆ, ಎರಡೂ ಒಂದೇ ಸಂಗತಿ. ತುಣುಕು ಮತ್ತು ಹೇಳಿಕೆಯನ್ನು ಬೇರೆ ಇಡುವುದೇ ಇಡೀ ವಿನ್ಯಾಸದ ಜೀವಾಳ. ‘ನೀರು ಸೇತುವೆಯ ಮೇಲೆ ಹರಿಯುತ್ತಿರುವುದು ಕಂಡಿತು’ ಎಂಬುದು ಕಂಡದ್ದು. ‘ಸೇತುವೆ ಮುಚ್ಚಿದೆ’ ಎಂಬುದು ತೀರ್ಮಾನ. ಚಾಟಿನಲ್ಲಿ ಇವೆರಡೂ ಒಂದೇ ರೀತಿ ಕಾಣುತ್ತವೆ.

ತುಣುಕಿನ ಚೀಟಿಯಲ್ಲಿ ಮೂರು ಹೊತ್ತುಗಳನ್ನು ಬೇರೆ ಬೇರೆಯಾಗಿ ಬರೆದಿಡಬೇಕು: ಘಟನೆ ನಡೆದ ಹೊತ್ತು, ಸುದ್ದಿ ಕಳಿಸಿದ ಹೊತ್ತು, ತಂಡದವರು ದಾಖಲಿಸಿದ ಹೊತ್ತು. ಬೆಳಿಗ್ಗೆ ಆರಕ್ಕೆ ತೆಗೆದ ಫೋಟೊವನ್ನು ಮಧ್ಯಾಹ್ನ ಎರಡಕ್ಕೆ ಕಳಿಸಿ, ಅದನ್ನು ಇವರು ಸಂಜೆ ಐದಕ್ಕೆ ಸೇರಿಸಿದರೆ, ಒಂದೇ ಸಮಯವನ್ನು ತೋರಿಸುವ ತಂತ್ರಾಂಶ ಅದನ್ನು ಸಂಜೆ ಐದರ ಸುದ್ದಿ ಮಾಡಿಬಿಡುತ್ತದೆ. ನಾಲ್ಕು ಗಂಟೆಗೆ ಬಂದ, ಹೆಚ್ಚು ತಾಜಾ ಆದ ಸುದ್ದಿ ಅದರ ಕೆಳಗೆ ಹೂತುಹೋಗುತ್ತದೆ. ತಂಡದವರು ಬೇರೆ ಬೇರೆ ಕಾಲವಲಯಗಳಲ್ಲಿದ್ದರೆ ಒಳಗೆ ಎಲ್ಲವನ್ನೂ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ (ಯುಟಿಸಿ) ಇಟ್ಟು, ತೋರಿಸುವಾಗ ಘಟನೆ ನಡೆದ ಜಾಗದ ಸಮಯವನ್ನೇ ಎಲ್ಲರಿಗೂ ತೋರಿಸುವುದು ಒಳ್ಳೆಯದು. ನೋಡುವವರ ಊರಿನ ಸಮಯ ತೋರಿಸಿದರೆ ಕರೆಯಲ್ಲಿ ‘ಏಳು ಗಂಟೆ’ ಎಂಬ ಮಾತಿಗೆ ಮೂರು ಅರ್ಥ ಹುಟ್ಟುತ್ತದೆ.

ತುಣುಕು ಮೂಲದ ಯಾವ ಜಾಗದಿಂದ ಬಂತೆಂದು ಗುರುತು ಹಾಕುವಲ್ಲೂ ಒಂದು ಬಲೆಯಿದೆ. ಪುಟ ಮತ್ತು ಸಾಲಿನ ಸಂಖ್ಯೆಯನ್ನಷ್ಟೇ ಇಟ್ಟುಕೊಂಡರೆ, ಪ್ರಕಟಣೆಗೆ ಒಂದು ಪ್ಯಾರಾ ಸೇರಿದ ದಿನ ಎಲ್ಲ ಗುರುತುಗಳೂ ಪಕ್ಕದ ಸಾಲಿಗೆ ಜಾರುತ್ತವೆ. ವೆಬ್ ಟಿಪ್ಪಣಿಗಳಿಗಾಗಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2017ರಲ್ಲಿ ಅಂಗೀಕರಿಸಿದ ಮಾನದಂಡದಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ: ಉದ್ಧರಿಸಿದ ಪದಗಳ ಜೊತೆ ಅದರ ಹಿಂದಿನ ಮತ್ತು ಮುಂದಿನ ಕೆಲವು ಪದಗಳನ್ನೂ ಇಟ್ಟುಕೊಳ್ಳುವುದು. ಪಠ್ಯ ಸ್ಥಳಾಂತರಗೊಂಡರೂ ಆ ಮೂರರ ಸಹಾಯದಿಂದ ಜಾಗ ಸಿಗುತ್ತದೆ. ಸಿಗದಿದ್ದರೆ ತಂತ್ರಾಂಶ ‘ಮೂಲದಲ್ಲಿ ಈಗ ಈ ಸಾಲಿಲ್ಲ’ ಎಂದು ನೇರವಾಗಿ ಹೇಳಬೇಕು. ಹತ್ತಿರದ ಸಾಲಿಗೆ ಸದ್ದಿಲ್ಲದೆ ಅಂಟಿಸಬಾರದು.

ಪ್ರಶ್ನೆ, ನಿಲುವು, ವಾದ ಎಂದು ಚರ್ಚೆಯನ್ನು ವಿಂಗಡಿಸುವ ಆಲೋಚನೆ ಹೊಸದೇನಲ್ಲ. ವರ್ನರ್ ಕುನ್ಜ್ ಮತ್ತು ಹೋರ್ಸ್ಟ್ ರಿಟ್ಟೆಲ್ 1970ರಲ್ಲೇ ಇದನ್ನು ರೂಪಿಸಿದ್ದರು, 1980ರ ದಶಕದಲ್ಲಿ ಅದನ್ನು ಕಂಪ್ಯೂಟರ್ ಪರದೆಗೂ ತರಲಾಯಿತು. ಆದರೆ ಇಂಥ ಸಾಧನಗಳು ಜನಸಾಮಾನ್ಯರ ಕೈಗೆ ಹೊಂದಲಿಲ್ಲ. ಮನಸ್ಸಿಗೆ ಬಂದದ್ದನ್ನು ಬರೆಯುವ ಮೊದಲೇ ‘ಇದು ವಾದವೋ ನಿಲುವೋ?’ ಎಂದು ಕೇಳಿದರೆ ಬರೆಯುವ ಕೈ ನಿಂತುಬಿಡುತ್ತದೆ. ಹಾಗಾಗಿ ಕ್ರಮ ತಿರುಗಬೇಕು. ಮೊದಲು ಬರೆಯಲಿ, ಅಂಟಿಸಲಿ, ಫೋಟೊ ಎಸೆಯಲಿ. ಬಗೆ ಯಾವುದು, ಕೊಂಡಿ ಯಾವುದಕ್ಕೆ ಎಂಬುದನ್ನು ಆಮೇಲೆ, ಬೇರೆ ಯಾರಾದರೂ ಸೇರಿಸಬಹುದು. ಸೇರಿಸುವ ಹೊತ್ತಿಗೆ ಕಡ್ಡಾಯವಾಗಿ ಕೇಳಬೇಕಾದದ್ದು ಒಂದೇ: ಇದು ಎಲ್ಲಿಂದ ಬಂತು? ಅದನ್ನು ಆಮೇಲೆ ಯಾರಿಂದಲೂ ಕಂಡುಹಿಡಿಯಲು ಆಗುವುದಿಲ್ಲ.

## ಇಬ್ಬರು ಏಕಕಾಲಕ್ಕೆ ತಿದ್ದಿದರೆ

ದೂರದೂರದವರು ಒಂದೇ ಪರದೆಯ ಮೇಲೆ ಒಟ್ಟಿಗೆ ಕೆಲಸ ಮಾಡುವುದನ್ನು ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ ತೋರಿಸಿದ್ದರು. ಆದರೆ ಒಂದೇ ವಾಕ್ಯವನ್ನು ಇಬ್ಬರು ಒಂದೇ ಕ್ಷಣದಲ್ಲಿ ತಿದ್ದಿದರೆ ಯಾರದ್ದು ಉಳಿಯಬೇಕು ಎಂಬ ಸಮಸ್ಯೆಗೆ ಗಟ್ಟಿ ಉತ್ತರ ಸಿಗಲು ಇನ್ನೂ ಎರಡು ದಶಕ ಬೇಕಾಯಿತು. 1989ರಲ್ಲಿ ಕ್ಲಾರೆನ್ಸ್ ಎಲ್ಲಿಸ್ ಮತ್ತು ಸೈಮನ್ ಗಿಬ್ಸ್ ಒಂದು ವಿಧಾನ ಕೊಟ್ಟರು: ಎದುರಿನವರ ತಿದ್ದುಪಡಿ ನಮ್ಮಲ್ಲಿಗೆ ಬರುವಷ್ಟರಲ್ಲಿ ನಮ್ಮ ಪಠ್ಯ ಬದಲಾಗಿದ್ದರೆ, ಆ ಬದಲಾವಣೆಗೆ ತಕ್ಕಂತೆ ಅವರ ತಿದ್ದುಪಡಿಯ ಸ್ಥಾನವನ್ನು ಸರಿಸಿ ಹಚ್ಚುವುದು. ಗೂಗಲ್ ಡಾಕ್ಸ್ ನಿಂತಿರುವುದು ಈ ಆಲೋಚನೆಯ ಮೇಲೆ.

ಇನ್ನೊಂದು ದಾರಿಯನ್ನು ಮಾರ್ಕ್ ಶಪಿರೊ ಮತ್ತು ಸಂಗಡಿಗರು 2011ರಲ್ಲಿ ಸಿಆರ್‌ಡಿಟಿ (ಘರ್ಷಣೆಯಿಲ್ಲದೆ ಕೂಡಿಸಬಲ್ಲ ಪ್ರತಿಗಳ ದತ್ತಾಂಶ ಬಗೆ) ಎಂಬ ಹೆಸರಿನಲ್ಲಿ ಕ್ರಮಬದ್ಧಗೊಳಿಸಿದರು. ಇದರಲ್ಲಿ ಪ್ರತಿ ಅಕ್ಷರಕ್ಕೂ ಎಂದೂ ಬದಲಾಗದ ಗುರುತು ಇರುತ್ತದೆ. ಸರದಿಯಲ್ಲಿ ನಿಂತವರು ‘ನಾನು ಎಷ್ಟನೆಯವನು’ ಎಂದು ಎಣಿಸದೆ ‘ನಾನು ಇವರ ಹಿಂದೆ’ ಎಂದು ನೆನಪಿಟ್ಟುಕೊಂಡ ಹಾಗೆ. ಮುಂದೆ ಯಾರು ನುಸುಳಿದರೂ, ಯಾರು ಬಿಟ್ಟುಹೋದರೂ ಕ್ರಮ ಕೆಡುವುದಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಗಂಟೆಗಟ್ಟಲೆ ಕೆಲಸ ಮಾಡಿ ಆಮೇಲೆ ಕೂಡಿಸಿದರೂ ಎಲ್ಲರ ಪ್ರತಿಯೂ ಒಂದೇ ಆಗುತ್ತದೆ. ಅಳಿಸಿದ ಅಕ್ಷರದ ಗುರುತನ್ನು ಮಾತ್ರ ಒಳಗೆ ಉಳಿಸಿಕೊಳ್ಳಬೇಕಾಗುತ್ತದೆ. ಹೀಗಾಗಿ ದೊಡ್ಡ ದಾಖಲೆಗಳು ಕಾಲಕ್ರಮೇಣ ಭಾರವಾಗುತ್ತವೆ.

ಎರಡೂ ವಿಧಾನಗಳು ಭರವಸೆ ಕೊಡುವುದು ಇಷ್ಟೇ: ಕೊನೆಗೆ ಎಲ್ಲರಿಗೂ ಒಂದೇ ಪಠ್ಯ ಕಾಣುತ್ತದೆ. ಆ ಪಠ್ಯಕ್ಕೆ ಅರ್ಥವಿದೆ ಎಂದಲ್ಲ. ‘ಸೇತುವೆ ಮುಚ್ಚಿದೆ’ ಎಂದು ಇತ್ತು. ಒಬ್ಬರು ‘ಮುಚ್ಚಿದೆ’ ಅಳಿಸಿ ‘ತೆರೆದಿದೆ’ ಎಂದು ಬರೆದರು. ಅದೇ ಹೊತ್ತಿಗೆ ಇನ್ನೊಬ್ಬರು, ಮುಚ್ಚಿರುವ ಅವಧಿ ತಿಳಿದು, ಕೊನೆಗೆ ‘, ಸಂಜೆ ಆರರವರೆಗೆ’ ಎಂದು ಸೇರಿಸಿದರು. ಯಂತ್ರ ಎರಡನ್ನೂ ಅಚ್ಚುಕಟ್ಟಾಗಿ ಕೂಡಿಸಿತು: ‘ಸೇತುವೆ ತೆರೆದಿದೆ, ಸಂಜೆ ಆರರವರೆಗೆ’. ಇದನ್ನು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ. ಈ ವಾಕ್ಯ ನಂಬಿ ಲಾರಿ ಹೊರಡಬಹುದು.

ಆದ್ದರಿಂದ ವಿವರಣೆ, ಟಿಪ್ಪಣಿಗಳಂಥ ಹರಿಯುವ ಬರಹಕ್ಕೆ ಮಾತ್ರ ತಾನಾಗಿ ಕೂಡಿಸುವ ವಿಧಾನ ಇರಲಿ. ತೀರ್ಮಾನಕ್ಕೆ ಸಂಬಂಧಿಸಿದ ಖಾನೆಗಳಲ್ಲಿ, ಉದಾಹರಣೆಗೆ ಸೇತುವೆಯ ಸ್ಥಿತಿ, ತೂಕದ ಮಿತಿ, ಸತ್ತವರ ಸಂಖ್ಯೆ, ಎರಡು ಬೇರೆ ಬೇರೆ ಉತ್ತರಗಳು ಏಕಕಾಲಕ್ಕೆ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾರು ಯಾವ ತುಣುಕಿನ ಆಧಾರದ ಮೇಲೆ ಬರೆದರೆಂದು ತೋರಿಸಿ, ಮನುಷ್ಯರೇ ಬಿಡಿಸಲಿ. ‘ಕೊನೆಗೆ ಬರೆದವರದ್ದು ಉಳಿಯಲಿ’ ಎಂಬ ಸುಲಭದ ನಿಯಮ ಇಲ್ಲಿ ಬೇಡ. ಫೋನಿನ ಗಡಿಯಾರ ಐದು ನಿಮಿಷ ಮುಂದಿದ್ದವರು ಎಲ್ಲ ವಾದಗಳಲ್ಲೂ ಗೆಲ್ಲುತ್ತಾರೆ. ಬದಲಾವಣೆಗಳ ಹಿಂದುಮುಂದನ್ನು ಗಡಿಯಾರದಿಂದಲ್ಲ, ‘ಇದನ್ನು ನೋಡಿದ ಮೇಲೆ ಅದನ್ನು ಬರೆದರು’ ಎಂಬ ಸಂಬಂಧದಿಂದ ತಿಳಿಯಬೇಕೆಂದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದ್ದಾರೆ.

ವೇಗದ ವಿಷಯ ಎರಡೇ ಮಾತಿನಲ್ಲಿ. ಬೆಳಕು ಸಾಮಾನ್ಯ ಗಾಜಿನ ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುತ್ತದೆ, ಅಂದರೆ 10,000 ಕಿ.ಮೀ. ದೂರದ ಸರ್ವರ್‌ಗೆ ಹೋಗಿಬರಲು ಕನಿಷ್ಠ 100 ಮಿಲಿಸೆಕೆಂಡ್. ಈ ಫೈಬರ್ ಬಳಸುವ ಯಾವ ಕಂಪನಿಯೂ ಇದನ್ನು ಕಡಿಮೆ ಮಾಡಲಾರದು. ಹಾಗಾಗಿ ಬರೆದದ್ದು ಬರೆದವರ ಪರದೆಯಲ್ಲಿ ತಕ್ಷಣ ಕಾಣಲಿ, ಸರ್ವರ್ ಒಪ್ಪಿಗೆ ಹಿಂದಿನಿಂದ ಬರಲಿ, ಇನ್ನೂ ಒಪ್ಪಿಗೆ ಬಾರದ ಚೀಟಿಗೆ ಬೇರೆ ಅಂಚು ಇರಲಿ.

## ಮೊದಲು ಒಬ್ಬೊಬ್ಬರೇ, ಆಮೇಲೆ ಒಟ್ಟಿಗೆ

‘ಒಟ್ಟಿಗೆ ಕೆಲಸ ಮಾಡುವ’ ತಂತ್ರಾಂಶ ಎಂದೊಡನೆ ಎಲ್ಲರೂ ಎಲ್ಲವನ್ನೂ ಸದಾ ನೋಡುತ್ತಿರಬೇಕು ಎಂದು ವಿನ್ಯಾಸಕರು ಭಾವಿಸುತ್ತಾರೆ. ಇದು ದೊಡ್ಡ ತಪ್ಪು. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿ, ಬೇಕಾದವನ್ನು ಡೌನ್‌ಲೋಡ್ ಮಾಡಿಕೊಂಡರು. ಇತರರು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆಂಬ ಸಂಖ್ಯೆ ಕಾಣುತ್ತಿದ್ದ ಗುಂಪುಗಳಲ್ಲಿ ಜನಪ್ರಿಯ ಹಾಡು ಇನ್ನೂ ಜನಪ್ರಿಯವಾಯಿತು. ಆದರೆ ಯಾವ ಹಾಡು ಗೆಲ್ಲುತ್ತದೆಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಮೊದಲು ಬಂದವರ ಆಯ್ಕೆ ಉಳಿದವರನ್ನು ಎಳೆದುಕೊಂಡು ಹೋಯಿತು. ‘ಲೈಕ್’ ಎಂಬ ಹೆಬ್ಬೆರಳಿನ ಚಿಹ್ನೆಗಳನ್ನು ಎಣಿಸಿ ತೋರಿಸುವ ಯಾವ ತಂತ್ರಾಂಶದಲ್ಲೂ ಇದೇ ಆಗುತ್ತದೆ.

ಕೆಲಸ ಮಾಡುವ ಕ್ರಮ ಹೀಗಿರಬಹುದು. ಮೊದಲ ಹದಿನೈದು ನಿಮಿಷ ಪ್ರತಿಯೊಬ್ಬರೂ ತಮಗೆ ಬಂದ ಮೂಲಗಳನ್ನು ಓದಿ ತುಣುಕು ಬರೆಯುತ್ತಾರೆ. ಇತರರದ್ದು ಕಾಣುವುದಿಲ್ಲ, ಎಷ್ಟು ಜನ ಬರೆಯುತ್ತಿದ್ದಾರೆ ಎಂಬುದಷ್ಟೇ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಪರದೆ ಒಮ್ಮೆಗೇ ತೆರೆಯುತ್ತದೆ. ಮುಂದಿನ ಹತ್ತು ನಿಮಿಷ ಅರ್ಥವಾಗದ್ದನ್ನು ಕೇಳುವುದಕ್ಕೆ ಮಾತ್ರ, ಒಪ್ಪುವುದು ಬಿಡುವುದು ಇನ್ನೂ ಇಲ್ಲ. ಸಭೆಗಳಿಗೆ ಇಂಥ ಕ್ರಮವನ್ನು ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ 1971ರಲ್ಲಿ ವಿವರಿಸಿದ್ದರು. ತಂತ್ರಾಂಶದ ಲಾಭವೆಂದರೆ ಕಾಗದದಲ್ಲಿ ಶಿಸ್ತಿನಿಂದ ಮಾಡಬೇಕಾದ್ದನ್ನು ಒಂದು ಪರದೆಯಿಂದ ಮಾಡಬಹುದು.

ಆಮೇಲೆ ಗುಂಪುಗೂಡಿಸುವ ಕೆಲಸ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಜೋಡಿಸಲು ರೂಪಿಸಿದ ಪದ್ಧತಿಯಲ್ಲಿ ಚೀಟಿಗಳನ್ನು ಮೊದಲು ಹತ್ತಿರ ಹತ್ತಿರ ಇಟ್ಟು, ಗುಂಪಿಗೆ ಹೆಸರು ಕೊಡುವುದು ಆಮೇಲೆ. ಹೆಸರು ಮೊದಲಿದ್ದರೆ ಚೀಟಿಗಳನ್ನು ಹೆಸರಿಗೆ ತಕ್ಕಂತೆ ತಳ್ಳುತ್ತೇವೆ. ಪರದೆಯಲ್ಲಿ ಖಾಲಿ ಗುಂಪಿಗೆ ಹೆಸರು ಇಡಲು ಅವಕಾಶವನ್ನೇ ಕೊಡದಿದ್ದರೆ ಇದು ತಾನಾಗಿ ಪಾಲನೆಯಾಗುತ್ತದೆ.

ಊಹೆಗಳನ್ನು ತೂಗಲು ಕೋಷ್ಟಕ ಬೇಕು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ದೀರ್ಘಕಾಲ ಕೆಲಸ ಮಾಡಿದ ರಿಚರ್ಡ್ಸ್ ಹೋಯರ್ ಬಳಕೆಗೆ ತಂದ ವಿಧಾನ ಇದು: ಮೇಲಿನ ಸಾಲಿನಲ್ಲಿ ಊಹೆಗಳು, ಎಡಗಡೆ ಪುರಾವೆಗಳು. ನಮ್ಮ ಊಹೆಗಳು ಮೂರು: ಸೇತುವೆ ಗಟ್ಟಿ ಇದೆ, ಹಗುರ ವಾಹನಕ್ಕೆ ಮಾತ್ರ ಸರಿ, ಪೂರ್ತಿ ಕುಸಿದಿದೆ. ಪ್ರತಿ ಪುರಾವೆಯನ್ನೂ ಅಡ್ಡಲಾಗಿ, ಮೂರೂ ಊಹೆಗಳ ಎದುರು ಇಟ್ಟು ‘ಹೊಂದುತ್ತದೆ’, ‘ಹೊಂದುವುದಿಲ್ಲ’ ಎಂದು ಬರೆಯಬೇಕು. ‘ನೀರು ಏರುತ್ತಿದೆ’ ಎಂಬ ಪುರಾವೆ ಮೂರಕ್ಕೂ ಹೊಂದುತ್ತದೆ, ಅಂದಮೇಲೆ ಅದು ಎಷ್ಟೇ ಗಾಬರಿ ಹುಟ್ಟಿಸಿದರೂ ತೀರ್ಮಾನಕ್ಕೆ ಉಪಯೋಗವಿಲ್ಲ. ‘ಐದು ಗಂಟೆಗೆ ಬೈಕ್ ದಾಟಿತು’ ಎಂಬುದು ಕುಸಿದಿದೆ ಎಂಬ ಊಹೆಯನ್ನು ಒಂದೇ ಏಟಿಗೆ ಬೀಳಿಸುತ್ತದೆ. ಬಿರುಕಿನ ಫೋಟೊ ಗಟ್ಟಿ ಇದೆ ಎಂಬುದಕ್ಕೆ ಹೊಂದುವುದಿಲ್ಲ. ಹೆಚ್ಚು ಬೆಂಬಲ ಸಿಕ್ಕಿದ ಊಹೆಯನ್ನಲ್ಲ, ಕಡಿಮೆ ವಿರೋಧ ಕಂಡ ಊಹೆಯನ್ನು ಉಳಿಸಿಕೊಳ್ಳಬೇಕೆಂಬುದು ಈ ವಿಧಾನದ ತಿರುಳು.

ದೂರದ ತಂಡಕ್ಕೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಎಂಟೂ ಜನ ಬೇರೆ ಬೇರೆಯಾಗಿ ತುಂಬಿದ ಕೋಷ್ಟಕಗಳನ್ನು ಒಂದರ ಮೇಲೊಂದು ಇಟ್ಟರೆ ಭಿನ್ನಾಭಿಪ್ರಾಯ ಇರುವ ಮನೆಗಳು ಮಾತ್ರ ಬಣ್ಣ ತಾಳುತ್ತವೆ. ಮೂವತ್ತು ಮನೆಗಳಲ್ಲಿ ನಾಲ್ಕಕ್ಕೆ ಬಣ್ಣ ಬಂದರೆ ವಿಡಿಯೋ ಕರೆ ಆ ನಾಲ್ಕರ ಬಗ್ಗೆ ನಡೆಯಲಿ. ಸರಾಸರಿ ಮಾತ್ರ ತೋರಿಸಬೇಡಿ. ನಾಲ್ವರು ಹೌದು, ನಾಲ್ವರು ಅಲ್ಲ ಎಂದದ್ದೂ, ಎಂಟೂ ಜನ ಗೊತ್ತಿಲ್ಲ ಎಂದದ್ದೂ ಸರಾಸರಿಯಲ್ಲಿ ಒಂದೇ ಆಗಿಬಿಡುತ್ತದೆ.

## ಎಂಟು ಜನ ಎಂಟು ಸಾವಿರವಾದರೆ

ಗುಂಪು ದೊಡ್ಡದಾದಂತೆ ಪರಸ್ಪರ ಉತ್ತರಿಸುವುದೇ ಭಾರ. ಪಾಲಿಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಉತ್ತರಿಸುವ ಬಟನ್ನೇ ಇಲ್ಲ. ಜನ ಚಿಕ್ಕ ವಾಕ್ಯಗಳನ್ನು ಬರೆಯುತ್ತಾರೆ, ಇತರರ ವಾಕ್ಯಗಳಿಗೆ ಒಪ್ಪುತ್ತೇನೆ, ಒಪ್ಪುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದಷ್ಟೇ ಹೇಳುತ್ತಾರೆ. ಒಂದೇ ರೀತಿ ಮತ ಹಾಕಿದವರನ್ನು ಲೆಕ್ಕಾಚಾರದಿಂದ ಕೆಲವೇ ಗುಂಪುಗಳಾಗಿ ಮಾಡಿ, ಎಲ್ಲ ಗುಂಪುಗಳೂ ಒಪ್ಪಿದ ವಾಕ್ಯಗಳನ್ನು ಮೇಲೆ ತರಲಾಗುತ್ತದೆ. ಊಬರ್ ಸೇವೆಯನ್ನು ಹೇಗೆ ನಿಯಂತ್ರಿಸಬೇಕೆಂಬ ಚರ್ಚೆಗೆ ತೈವಾನ್ 2015ರಲ್ಲಿ ಇದನ್ನು ಬಳಸಿತು. 2021ರಲ್ಲಿ ಟ್ವಿಟರ್‌ನಲ್ಲಿ ಬರ್ಡ್‌ವಾಚ್ ಎಂಬ ಹೆಸರಿನಲ್ಲಿ ಆರಂಭವಾದ, ಪೋಸ್ಟ್‌ಗಳಿಗೆ ಬಳಕೆದಾರರೇ ವಿವರಣೆಯ ಟಿಪ್ಪಣಿ ಸೇರಿಸುವ ಕಮ್ಯುನಿಟಿ ನೋಟ್ಸ್ ಕೂಡ ಇದೇ ಜಾಡಿನದು: ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದವರಿಬ್ಬರೂ ಉಪಯುಕ್ತ ಎಂದ ಟಿಪ್ಪಣಿ ಮಾತ್ರ ಎಲ್ಲರಿಗೂ ಕಾಣುತ್ತದೆ.

ಇವು ಅಭಿಪ್ರಾಯಗಳ ನಕ್ಷೆ ಬಿಡಿಸುತ್ತವೆ. ಸೇತುವೆ ಇದೆಯೋ ಇಲ್ಲವೋ ಎಂಬುದು ಮತದಿಂದ ತೀರ್ಮಾನವಾಗುವುದಲ್ಲ. ಕಣ್ಣಿಂದ ನೋಡಿ ವರ್ಗೀಕರಿಸುವ ಕೆಲಸಕ್ಕೆ 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂ ಯೋಜನೆಯ ದಾರಿ ಹೆಚ್ಚು ಹೊಂದುತ್ತದೆ. ಅಲ್ಲಿ ಒಂದೊಂದು ಗ್ಯಾಲಕ್ಸಿಯ (ಕೋಟ್ಯಂತರ ನಕ್ಷತ್ರಗಳ ಸಮೂಹದ) ಚಿತ್ರವನ್ನೂ ಹಲವರು ಸ್ವತಂತ್ರವಾಗಿ ನೋಡುತ್ತಾರೆ, ಉತ್ತರಗಳು ಚದುರಿದರೆ ಅದೇ ಆ ಚಿತ್ರ ಅಸ್ಪಷ್ಟವೆಂಬುದರ ಸೂಚನೆ.

## ತಡವಾಗಿ ಬಂದವರು, ಬದಲಾದ ಸುದ್ದಿ

ನಿದ್ದೆ ಮುಗಿಸಿ ಬಂದವರಿಗೆ ‘214 ಬದಲಾವಣೆಗಳು’ ಎಂದು ತೋರಿಸಿದರೆ ಅವರು ಯಾವುದನ್ನೂ ಓದುವುದಿಲ್ಲ. ಅಕ್ಷರಗಳ ಬದಲಾವಣೆ ಅವರಿಗೆ ಬೇಡ. ಬೇಕಾದದ್ದು: ಯಾವ ಹೇಳಿಕೆಯ ಸ್ಥಿತಿ ಬದಲಾಯಿತು, ಯಾವ ಹೊಸ ತುಣುಕಿನಿಂದ, ಯಾವ ಪ್ರಶ್ನೆ ಇನ್ನೂ ಬಾಕಿ. ಮೊಬೈಲ್ ಸದ್ದು ಮಾಡುವ ಸೂಚನೆಗಳನ್ನೂ ಮೂರಕ್ಕೆ ಇಳಿಸಬಹುದು: ನೀವು ಬರೆದ ಹೇಳಿಕೆಗೆ ವಿರೋಧ ಬಂದಾಗ, ನೀವು ಆಧಾರವಾಗಿ ಹಿಡಿದ ಮೂಲ ಸುಳ್ಳೆಂದಾದಾಗ, ನಿಮಗೇ ಪ್ರಶ್ನೆ ಕೇಳಿದಾಗ.

ಮೂಲ ಸುಳ್ಳಾಗುವ ಸಂದರ್ಭದಲ್ಲೇ ಕೊಂಡಿಗಳ ಬೆಲೆ ತಿಳಿಯುವುದು. ಬಿರುಕಿನ ಫೋಟೊ ಎರಡು ವರ್ಷ ಹಳೆಯದೆಂದು ಗೊತ್ತಾಯಿತು ಎನ್ನಿ. ಅದರಿಂದ ತೆಗೆದ ತುಣುಕು, ಅದರ ಮೇಲೆ ನಿಂತ ಹೇಳಿಕೆ, ಆ ಹೇಳಿಕೆಯ ಮೇಲೆ ನಿಂತ ದಾರಿಯ ಆಯ್ಕೆ, ಎಲ್ಲದರ ಮೇಲೂ ‘ಮತ್ತೆ ನೋಡಿ’ ಎಂಬ ಗುರುತು ಬೀಳಬೇಕು. ತಾನಾಗಿ ಅಳಿಸಬಾರದು, ಬೇರೆ ಆಧಾರವೂ ಇರಬಹುದು. ಒಂದೇ ಫೋಟೊ ಐದು ಕಡೆಯಿಂದ ಬಂದಿದ್ದರೆ ಅದನ್ನು ಐದು ಪುರಾವೆ ಎಂದು ಎಣಿಸದಿರುವುದಕ್ಕೂ ‘ಎರಡೂ ಒಂದೇ ಸಂಗತಿ’ ಎಂಬ ಕೊಂಡಿಯೇ ಬೇಕು.

ಇಂಥ ನಕಲುಗಳನ್ನು ಗುರುತಿಸಿ ಸೂಚಿಸುವುದಕ್ಕೆ, ಆಧಾರವಿಲ್ಲದ ಹೇಳಿಕೆಗಳನ್ನು ಪಟ್ಟಿ ಮಾಡುವುದಕ್ಕೆ ಕೃತಕ ಬುದ್ಧಿಮತ್ತೆ ಒಳ್ಳೆಯ ಆಳು. ಸಾರಾಂಶ ಬರೆಸುವಾಗ ಮಾತ್ರ ಎಚ್ಚರ ಬೇಕು. ಹಲವರು ಹೇಳಿದ್ದನ್ನು ಎತ್ತಿಹಿಡಿದು ಒಬ್ಬರೇ ಹೇಳಿದ್ದನ್ನು ಬಿಡುವುದು ಸಾರಾಂಶದ ಸಹಜ ಗುಣ, ಅಂದರೆ ಸ್ಟಾಸರ್ ಮತ್ತು ಟೈಟಸ್ ಕಂಡ ದೋಷವೇ ಮತ್ತೆ ಯಂತ್ರದ ಮೂಲಕ ಒಳಬರುತ್ತದೆ. ಸಾರಾಂಶದ ಪ್ರತಿ ವಾಕ್ಯಕ್ಕೂ ತುಣುಕಿನ ಕೊಂಡಿ ಕಡ್ಡಾಯ ಮಾಡಿ, ಯಾವ ವಾಕ್ಯಕ್ಕೂ ಸೇರದೆ ಉಳಿದ ತುಣುಕುಗಳನ್ನು ಕೆಳಗೆ ತೋರಿಸಿ.

## ಯಾರ ದುಡಿಮೆ, ಯಾರಿಗೆ ಲಾಭ

ತಂಡಗಳಿಗಾಗಿ ಮಾಡಿದ ತಂತ್ರಾಂಶಗಳು ಏಕೆ ಸೋಲುತ್ತವೆ ಎಂದು ಜೋನಾಥನ್ ಗ್ರೂಡಿನ್ 1988ರಲ್ಲಿ ಪರಿಶೀಲಿಸಿದಾಗ ಕಂಡ ಮುಖ್ಯ ಕಾರಣ: ಕೆಲಸ ಮಾಡಬೇಕಾದವರು ಒಬ್ಬರು, ಪ್ರಯೋಜನ ಪಡೆಯುವವರು ಇನ್ನೊಬ್ಬರು. ಸಭೆ ಗೊತ್ತುಮಾಡುವ ಕ್ಯಾಲೆಂಡರ್‌ನಿಂದ ಅನುಕೂಲವಾಗುವುದು ಮೇಲಧಿಕಾರಿಗೆ, ಅದನ್ನು ದಿನವೂ ತುಂಬುವ ಹೊರೆ ಉಳಿದವರಿಗೆ. ಚೀಟಿ ಬರೆಯುವವರ ಗತಿಯೂ ಇದೇ. ಅವರಿಗೆ ತಕ್ಷಣ ಏನಾದರೂ ಸಿಗಬೇಕು: ಇದೇ ಸುದ್ದಿ ಆಗಲೇ ಇದೆಯೇ ಎಂಬ ಉತ್ತರ, ನಕ್ಷೆಯಲ್ಲಿ ತನ್ನ ಚೀಟಿ, ಅದನ್ನು ಯಾರು ಬಳಸಿಕೊಂಡರೆಂಬ ಮಾಹಿತಿ.

ಸುದ್ದಿ ಕೊಟ್ಟವರ ರಕ್ಷಣೆಯೂ ವಿನ್ಯಾಸದ ಭಾಗ. ಹೆಸರು, ಫೋನ್ ಸಂಖ್ಯೆ ಮೂಲದ ಕಡತದಲ್ಲೇ ಬೀಗದೊಳಗಿರಲಿ. ಹೊರಗೆ ತೋರಿಸುವ ನಕ್ಷೆಯಲ್ಲಿ ಅಕ್ಷಾಂಶವನ್ನು ಎರಡು ದಶಮಾಂಶ ಸ್ಥಾನಕ್ಕೆ ಇಳಿಸಿದರೆ ಜಾಗ ಸುಮಾರು 1.1 ಕಿ.ಮೀ.ಗಳಷ್ಟು ಮಸುಕಾಗುತ್ತದೆ, ಮೂರು ಸ್ಥಾನ ಇಟ್ಟರೆ ಸುಮಾರು 110 ಮೀಟರ್. ಸೇತುವೆಗೆ ಮೂರು ಬೇಕು, ಮನೆಯಿಂದ ಸುದ್ದಿ ಕಳಿಸಿದವರಿಗೆ ಎರಡೇ ಸರಿ.

## ಬಳಕೆಗೆ ಬಿಡುವ ಮುನ್ನ ಪರೀಕ್ಷೆ

ಬಟನ್ ಒತ್ತಿದರೆ ಕೆಲಸ ಆಗುತ್ತದೆಯೇ ಎಂದು ನೋಡುವುದು ಇಲ್ಲಿ ಸಾಲದು. ನಾಲ್ವರನ್ನು ಕೂರಿಸಿ, ಹದಿನೈದು ಅಂಶಗಳಿರುವ ಒಂದು ಸಮಸ್ಯೆ ತಯಾರಿಸಿ. ಮೂರು ಅಂಶ ಎಲ್ಲರಿಗೂ, ಉಳಿದ ಹನ್ನೆರಡನ್ನು ಒಬ್ಬೊಬ್ಬರಿಗೆ ಮೂರರಂತೆ ಹಂಚಿ. ಎಲ್ಲರಿಗೂ ಕೊಟ್ಟ ಮೂರು ತಪ್ಪು ಉತ್ತರದ ಕಡೆಗೇ ಬೆರಳು ತೋರಿಸುವಂತಿರಲಿ. ನಾಲ್ವರೂ ಬೇರೆ ಕೋಣೆಗಳಿಂದ ಕೆಲಸ ಮಾಡಲಿ. ಆಮೇಲೆ ಹನ್ನೆರಡರಲ್ಲಿ ಎಷ್ಟು ಚೀಟಿಯಾದವು, ಎಷ್ಟನ್ನು ಬರೆದವರಲ್ಲದೆ ಇನ್ನೊಬ್ಬರು ತೆರೆದರು, ಎಷ್ಟು ಅಂತಿಮ ತೀರ್ಮಾನಕ್ಕೆ ಕೊಂಡಿಯಾದವು ಎಂದು ಎಣಿಸಿ. ಬೇರೆ ನಾಲ್ವರಿಗೆ ಇದೇ ಸಮಸ್ಯೆಯನ್ನು ಬರೀ ಚಾಟ್ ಕೊಟ್ಟು ಮಾಡಿಸಿ. ಚೀಟಿಗಳ ಸಂಖ್ಯೆ ಕಡಿಮೆಯಿದ್ದರೆ ಬರೆಯುವುದು ಕಷ್ಟವಾಗಿದೆ. ಬರೆದರೂ ಯಾರೂ ತೆರೆಯದಿದ್ದರೆ ಪರದೆಯ ಜೋಡಣೆ ತಪ್ಪಿದೆ. ತೆರೆದರೂ ತೀರ್ಮಾನಕ್ಕೆ ಬಾರದಿದ್ದರೆ ಕೋಷ್ಟಕದ ಹಂತವನ್ನು ಜನ ಹಾರಿ ಹೋಗುತ್ತಿದ್ದಾರೆ.

ಎರಡನೆಯ ಪರೀಕ್ಷೆಗೆ ಐದನೆಯವರೊಬ್ಬರನ್ನು ಅರ್ಧದಲ್ಲಿ ಕರೆತನ್ನಿ. ಯಾರೊಂದಿಗೂ ಮಾತನಾಡದೆ ಹತ್ತು ನಿಮಿಷ ಪರದೆ ನೋಡಿ ಅವರು ಮೂರು ಪ್ರಶ್ನೆಗೆ ಉತ್ತರಿಸಬೇಕು: ಈಗ ಏನು ಖಚಿತ, ಯಾವುದರಲ್ಲಿ ಭಿನ್ನಾಭಿಪ್ರಾಯವಿದೆ, ಯಾರ ಬಳಿ ಏನು ಕೇಳಬೇಕು. ಮೂರನೆಯದಕ್ಕೆ, ತೀರ್ಮಾನವಾದ ಮೇಲೆ ಒಂದು ಮೂಲವನ್ನು ‘ಸುಳ್ಳು’ ಎಂದು ಗುರುತಿಸಿ, ತೀರ್ಮಾನದ ಯಾವ ಭಾಗ ಅಲುಗಾಡಿತೆಂದು ತಂಡ ಎಷ್ಟು ನಿಮಿಷದಲ್ಲಿ ಹೇಳುತ್ತದೆ ನೋಡಿ. ಹಳೆಯ ಸಂದೇಶಗಳನ್ನು ಹುಡುಕುತ್ತಾ ಯಾರಾದರೂ ಮೇಲಕ್ಕೆ ಸರಿಸತೊಡಗಿದರೆ ಕೊಂಡಿಗಳು ಎಲ್ಲೋ ಕಡಿದಿವೆ. ಅವರು ಏನು ಹುಡುಕುತ್ತಿದ್ದಾರೆಂದು ಬರೆದುಕೊಳ್ಳಿ. ಮುಂದಿನ ಆವೃತ್ತಿಯಲ್ಲಿ ಮೊದಲು ಸೇರಿಸಬೇಕಾದ್ದು ಅದೇ.